ಕೊನೆಗೆ ಮಲಗುವವರು ಹೇಳಿ ಮಲಗಿ

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಹಿಂಬದಿ ಬಿಚ್ಚಿಟ್ಟ ಹಳೆಯ ಫೋನು, ಆರಿ ತಣ್ಣಗಾದ ಕಾಫಿ. ಮೇಜಿನ ಮುಂದೆ ಕೂತ ಮಹಿಳೆಯ ಕಣ್ಣು ಫೋನಿಗೆ ಸಿಕ್ಕಿಸಿದ ಕರೆಂಟ್ ಮೀಟರಿನ ಮೇಲಿದೆ. ಅದರ ಮುಳ್ಳು ಅಲ್ಲಾಡಿದರೆ ಇವರ ಹುಬ್ಬು ಗಂಟಿಕ್ಕುತ್ತದೆ.

"ನೋಡಿ, ಯಾರನ್ನೋ ಸುಮ್ಮನೆ ಎಬ್ಬಿಸಿಬಿಟ್ರು" ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದು ಎದುರು ಕೂತಿರುವ ನನಗೆ, ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವಿನ ಬಗ್ಗೆ ಹೇಳುವಂತೆ.

ಆಫೀಸಿನಲ್ಲಿ ಇವರನ್ನು ಎಲ್ಲರೂ ಕರೆಯುವುದು 'ಪಾಳಿ ಅಕ್ಕ' ಎಂದು. ಫೋನಿನ ಚಿಪ್‌ನೊಳಗೆ ದುಡಿಯುವ ಕೋರ್‌ಗಳು ಹಲವು. ಕೆಲಸವಿಲ್ಲದ ಕೋರ್ ನಿದ್ದೆ ಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ. ಆದರೆ 'ಇಷ್ಟು ಹೊತ್ತಿಗೆ ಈ ಕೆಲಸ ಆಗಬೇಕು' ಎನ್ನುವ ಟೈಮರ್‌ಗಳು ಬರುತ್ತಲೇ ಇರುತ್ತವೆ. ಅವನ್ನು ಯಾವ ಕೋರ್ ನೋಡಿಕೊಳ್ಳಬೇಕು? ಎಲ್ಲ ತಂತ್ರಾಂಶಗಳಿಗೂ ಅಡಿಪಾಯವಾದ ಕರ್ನಲ್‌ನಲ್ಲಿ ಆ ಪಾಳಿ ಹಾಕುವುದೇ ಇವರ ಕೆಲಸ. ನನ್ನ ಫೋನು ಸಂಜೆಯವರೆಗೆ ಜೀವ ಹಿಡಿದುಕೊಂಡಿದ್ದರೆ ನಾನು ಹೊಗಳುವುದು ಅದನ್ನು ಮಾರಿದ ಕಂಪನಿಯನ್ನು. ಈ ಅಕ್ಕನ ಸುದ್ದಿ ಯಾರಿಗೆ ಗೊತ್ತು!

ಇವತ್ತು ಅಕ್ಕ ಕಾಯುತ್ತಿರುವುದು ಒಂದು ಉತ್ತರಕ್ಕೆ. ಪಾಳಿಯ ಹಳೆಯ ಕ್ರಮವನ್ನು ಕಿತ್ತುಹಾಕಿ ಹೊಸದನ್ನು ಬರೆದಿದ್ದಾರೆ. ಅದು ಒಮ್ಮೆ ಕರ್ನಲ್ ಒಳಗೆ ಸೇರಿ, ತಪ್ಪು ಸಿಕ್ಕಿ ವಾಪಸು ಬಂದಿದೆ. ಮತ್ತೆ ಕೈಕೊಟ್ಟರೆ ಇವರ ಕ್ರಮವನ್ನೇ ಕೈಬಿಡುವುದಾಗಿ ಮೇಲಿನವರು ಹೇಳಿಯಾಗಿದೆ. ಕೊನೆಯ ಪರೀಕ್ಷೆಯ ಫಲಿತಾಂಶ ಇನ್ನೇನು ಬರಬೇಕು.

"ಇದೆಲ್ಲಾ ನಾನು ಕಾಲೇಜಲ್ಲಿ ಕಲ್ತಿದ್ದಲ್ಲ, ನಮ್ಮನೇಲೇ ಕಲ್ತಿದ್ದು" ಎಂದು ಕಾಯುವ ಹೊತ್ತಿನಲ್ಲಿ ಮಾತು ಬಿಚ್ಚುತ್ತಾರೆ. ಅಪ್ಪನಿಗೆ ಗಿರಣಿಯಲ್ಲಿ ರಾತ್ರಿಪಾಳಿ. ಬೆಳಗಿನ ಜಾವ ಬರುವ ಅಪ್ಪನಿಗೆ ಬಾಗಿಲು ತೆಗೆಯುವವರು ಯಾರು ಎಂದು ಅಮ್ಮ ಹಿಂದಿನ ಸಂಜೆಯೇ ಹೆಸರು ಹೇಳಿಬಿಡುತ್ತಿದ್ದರು. "ಒಂದಿನ ನನ್ನ ಪಾಳಿ. ನಾನೋ, ಕುಂಭಕರ್ಣನ ತಂಗಿ! ನಮ್ಮಣ್ಣ ಎಚ್ಚರವಾಗೇ ಇದ್ದ. ನನ್ನ ಪಾಳಿ ಅಲ್ವಲ್ಲಾ ಅಂತ ಮುಸುಕೆಳ್ಕೊಂಡ. ಪಾಪ, ಅಪ್ಪ ಜೋರಾಗಿ ಬಾಗಿಲು ಬಡೀಲೇ ಇಲ್ಲ. ಮಕ್ಕಳು ಎದ್ದುಬಿಡ್ತಾವೆ ಅಂತ, ಆ ಚಳೀಲಿ ಮೆಟ್ಟಿಲ ಮೇಲೇ ಕೂತಿದ್ರು."

ಅಂದು ಅಮ್ಮ ಕ್ರಮವನ್ನೇ ಬದಲಿಸಿದರು. ಮುಂಚೆ ಹೆಸರು ಹೇಳುವುದು ಬೇಡ; ಆ ಹೊತ್ತಿಗೆ ಎಚ್ಚರ ಇದ್ದವರು ತೆಗೆಯಲಿ.

ಅಕ್ಕ ಈಗ ಬರೆದಿರುವುದೂ ಅದನ್ನೇ. ಹಳೆಯ ಕ್ರಮದಲ್ಲಿ, ಯಾವ ಕೋರ್ ಎದ್ದಿರಬಹುದು ಎಂದು ಮೊದಲೇ ಊಹಿಸಿ ಟೈಮರನ್ನು ಅದರ ತಲೆಗೆ ಕಟ್ಟುತ್ತಿದ್ದರು. ಊಹೆ ತಪ್ಪಿದರೆ ಹಾಯಾಗಿ ಮಲಗಿದ್ದ ಕೋರ್ ಏಳಬೇಕು, ಬ್ಯಾಟರಿ ದಂಡ. ಈಗ ಹಾಗಲ್ಲ. ಹೊತ್ತು ಬಂದಾಗ ಯಾವುದು ಎದ್ದಿದೆಯೋ ಅದೇ ಮಾಡುತ್ತದೆ.

ಹಾಗಾದರೆ ಮೊದಲ ಸಲ ಎಡವಿದ್ದೆಲ್ಲಿ? ಅಕ್ಕ ಹಣೆ ಚಚ್ಚಿಕೊಂಡು ನಗುತ್ತಾರೆ. "ಎರಡು ಕೋರ್ ಇದ್ವು ಅಂದ್ಕೊಳ್ಳಿ. ಇವನು ಎದ್ದಿದ್ದಾನೆ ಅಂತ ಅವನು ಮಲಗಿದ, ಅವನು ಎದ್ದಿದ್ದಾನೆ ಅಂತ ಇವನು ಮಲಗಿದ. ಟೈಮರ್ ಹೊರಗೇ ಉಳೀತು, ನಮ್ಮಪ್ಪನ ಥರ. ಅಮ್ಮ ಹೇಳಿದ್ದರಲ್ಲಿ ನಾನು ಅರ್ಧ ಮಾತ್ರ ಬರ್ದಿದ್ದೆ."

ಎಲ್ಲರೂ ಮಲಗಿದ್ದರೆ ಅಪ್ಪನಿಗೆ ಬಾಗಿಲು ತೆಗೆಯಲು ತಾವೇ ಏಳಬೇಕೆಂದು ಅಮ್ಮ ಅಂದು ಶುರುಮಾಡಿದ ಆ ಉಳಿದರ್ಧವನ್ನು ಇವತ್ತಿಗೂ ಮನೆಯಲ್ಲಿ ದಿನಾ ಹೇಳುತ್ತಾರೆ: "ಕೊನೇಲಿ ಮಲಗೋರು ನನಗೆ ಹೇಳಿ ಮಲಗಿ." ಕೇಳಿ ಕೇಳಿ ಯಾರ ಕಿವಿಗೂ ಬೀಳದಂತಾಗಿದ್ದ ಮಾತು. ಕೆಲಸ ವಾಪಸು ಬಂದ ದಿನ ಅದು ಅಕ್ಕನ ಕಿವಿಗೆ ಬಿದ್ದಿದೆ. ಈಗ ಕೊನೆಗೆ ಮಲಗುವ ಕೋರ್, ಮುಂದಿನ ಟೈಮರ್ ಎಷ್ಟು ಹೊತ್ತಿಗಿದೆಯೋ ಅಷ್ಟು ಹೊತ್ತಿಗೆ ತನ್ನನ್ನು ಎಬ್ಬಿಸಲು ಗಡಿಯಾರಕ್ಕೆ ಹೇಳಿಯೇ ಮಲಗಬೇಕು.

ಲ್ಯಾಪ್‌ಟಾಪ್ ಟಿಣ್ ಎನ್ನುತ್ತದೆ. ಅಕ್ಕ ಓದುತ್ತಾರೆ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬರುತ್ತಾರೆ.

"ಏನಾಯ್ತೇ?"

"ಒಪ್ಪಿಕೊಂಡ್ರಮ್ಮಾ. ಒಂದೂ ತಪ್ಪಿಲ್ವಂತೆ."

"ಅಂದ್ರೆ, ಯಾರೂ ಹೊರಗೆ ಕೂತಿಲ್ಲ ತಾನೆ?"

"ಇಲ್ಲಮ್ಮ. ಯಾರೂ ಕೂತಿಲ್ಲ."

ಅಮ್ಮ ತಣ್ಣಗಾದ ಕಾಫಿಯನ್ನು ಚೆಲ್ಲಿ ಹೊಸದಾಗಿ ಹಾಲಿಡುತ್ತಾರೆ. ಇನ್ನು ಆಸೆ ಏನಿದೆ ಎಂದು ನಾನು ಅಕ್ಕನನ್ನು ಕೇಳುತ್ತೇನೆ. ಅವರು ಮುಂಬಾಗಿಲ ಕಡೆ ನೋಡುತ್ತಾರೆ.

"ಅಪ್ಪ ಈಗಿಲ್ಲ. ಇದ್ದಿದ್ರೆ, ಒಂದೇ ಒಂದು ದಿನ ಅವರು ಬರೋಕೆ ಮುಂಚೇನೇ ಬಾಗಿಲು ತೆಗೆದು ನಿಂತಿರ್ತಿದ್ದೆ."