ಗುರುಬಸವ್ವ ಆರಿಸಿದ ಕರಿ ಗಾಜು

ಬೈಲಹೊಂಗಲದ ಸವದತ್ತಿ ರಸ್ತೆಯ ಮೇಲೆ ನಿಜಗುಣಪ್ಪನ ವೆಲ್ಡಿಂಗ್ ಶೆಡ್ಡು. ಮುರಿದ ನೇಗಿಲು, ಬಿರುಕುಬಿಟ್ಟ ಟ್ರೇಲರ್ ತೆಗೆದುಕೊಂಡು ಕಟಕೋಳದ ರೈತರೂ ಅಲ್ಲಿಗೇ ಬರುತ್ತಿದ್ದರು. ಗ್ಯಾಸಿನಿಂದ ಕಬ್ಬಿಣ ಕೊಯ್ಯಲಿ, ಕರೆಂಟಿನಿಂದ ವೆಲ್ಡಿಂಗ್ ಮಾಡಲಿ, ಅವನ ಕಣ್ಣಿಗಿದ್ದದ್ದು ಸಂತೆಯಲ್ಲಿ ಕೊಂಡ ಬಣ್ಣದ ಚಸ್ಮಾ ಒಂದೇ.

೧೯೭೪ರ ಬೇಸಿಗೆಯ ಒಂದು ಸಂಜೆ ಊಟಕ್ಕೆ ಕುಳಿತವನು ಕಣ್ಣು ಒತ್ತಿ ಹಿಡಿದು ಚೀರಿದ. "ಕಣ್ಣಾಗ ಉಸುಕು ಸುರುವಿದಂಗ ಆಗೈತಿ!"

ಹೆಂಡತಿ ಗುರುಬಸವ್ವ ತಣ್ಣೀರ ಬಟ್ಟೆ ಹಾಕಿದಳು. ಮರುದಿನ ಡಾಕ್ಟರು, "ವೆಲ್ಡಿಂಗ್ ಬೆಳಕು ಕಣ್ಣಿಗೆ ಬಡದದ. ಈ ಸಲ ಆರಾಮ ಆಗತದ. ಹಿಂಗ ನಡದ್ರ ಕಣ್ಣ ಉಳಿಯಂಗಿಲ್ಲ" ಎಂದರು.

ಗಂಡ ಕಣ್ಣು ಕಟ್ಟಿಕೊಂಡು ಮಲಗಿರುವಾಗಲೇ ಆಕೆ ಹುಬ್ಬಳ್ಳಿ ಬಸ್ಸು ಹತ್ತಿದಳು. ವೆಲ್ಡಿಂಗ್ ಸಾಮಾನಿನ ಅಂಗಡಿಯ ವೆಂಕಣ್ಣ ಆಕೆ ತಂದ ಚಸ್ಮಾ ನೋಡಿ, "ಅಕ್ಕಾರ, ಇದು ಬಿಸಲಿಗಷ್ಟ. ಬೆಂಕಿಗೆ ನಡಿಯಂಗಿಲ್ಲ" ಎಂದು ಕರಿ ಗಾಜೊಂದನ್ನು ಕೊಟ್ಟ. ಅದರೊಳಗಿಂದ ನೋಡಿದರೆ ಉರಿಯುವ ಬಲ್ಬೂ ಕಾಣಲಿಲ್ಲ.

"ಇಷ್ಟ ಕತ್ತಲಾದ್ರ ಕೊಯ್ಯೂ ಗೆರಿ ಹೆಂಗ ಕಾಣಬೇಕ್ರಿ?"

"ವೆಲ್ಡಿಂಗಿಗೆ ಅದು. ಗ್ಯಾಸಿನಿಂದ ಕೊಯ್ಯಾಕ ಈ ಹಸರ ಗಾಜು."

ಆಕೆ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಬದಿ ತೆರೆದ ಚಸ್ಮಾ ಬೇಡವೆಂದಳು. ಕಿಡಿ ಬದಿಯಿಂದಲೂ ಹಾರುವುದನ್ನು ಶೆಡ್ಡಿನಲ್ಲಿ ಕಂಡಿದ್ದಳು. ಬದಿ ಮುಚ್ಚಿದ ಹಸಿರು ಚಸ್ಮಾ ಒಂದು, ಒಂದು ಒಡೆದರೆ ಇನ್ನೊಂದಿರಲೆಂದು ಕರಿ ಗಾಜಿನ ಮುಖವಾಡ ಎರಡು ಕೊಂಡಳು.

ಕಣ್ಣು ವಾಸಿಯಾದ ನಿಜಗುಣಪ್ಪ ಮುಖವಾಡವನ್ನು ಮೂಲೆಗೆ ಸರಿಸಿದ. "ಬೆವರ ಇಳೀತೈತಿ. ಗಿರಾಕಿ ನಗತಾರ."

ಗುರುಬಸವ್ವ ಜಗಳಕ್ಕೆ ನಿಲ್ಲಲಿಲ್ಲ. ಅವನೆದುರು ಮಣೆ ಹಾಕಿ ಕುಳಿತಳು. "ನೀವು ಬರಿಗಣ್ಣಿಲೆ ಮಾಡ್ರಿ. ನಾನೂ ಬರಿಗಣ್ಣಿಲೆ ನೋಡತೇನಿ."

ಈಗ ಏಳುತ್ತಾಳೆ, ಆಗ ಏಳುತ್ತಾಳೆ ಎಂದು ಅವನು ಕಾದ. ಆಕೆ ರೆಪ್ಪೆ ಬಡಿಯದೆ ಅವನ ಕೈಯ ವೆಲ್ಡಿಂಗ್ ಸರಳಿನ ತುದಿಯನ್ನೇ ನೋಡುತ್ತಿದ್ದಳು. ಕಿಡಿ ಹೊತ್ತಿಸಲು ಅವನಿಗೆ ಕೈ ಏಳಲಿಲ್ಲ. ಎದ್ದು ಹೋಗಿ ಮುಖವಾಡ ತಂದ.

ಕೆಲವು ವರ್ಷಗಳ ಮೇಲೆ ಎದುರಿಗೇ ಕಾಡಪ್ಪನೆಂಬವನು ವೆಲ್ಡಿಂಗ್ ಅಂಗಡಿ ಇಟ್ಟ. ಅವನ ಕಣ್ಣಿಗೂ ಅಂಥದೇ ಸಂತೆಯ ಚಸ್ಮಾ. ಗುರುಬಸವ್ವ ಇನ್ನೊಂದು ಮುಖವಾಡವನ್ನು ಒರೆಸತೊಡಗಿದಳು.

"ನಮ್ಮ ಗಿರಾಕಿ ಒಯ್ಯಾವಗ ಕೊಡತಿ ಏನ?" ಎಂದ ನಿಜಗುಣಪ್ಪ.

"ಗಿರಾಕಿ ಹ್ವಾದ್ರ ತಿರಗಿ ಬರತಾರ್ರಿ. ಕಣ್ಣ ಬರತಾವೇನು?"

ಅವನು ಆಕೆಯ ಕೈಯಿಂದ ಮುಖವಾಡ ಇಸಿದುಕೊಂಡು, "ನೀ ಹೇಳಿದ್ರ ಅಂವ ಕೇಳಾವಲ್ಲ, ನಾನ ಹೇಳತೇನಿ" ಎನ್ನುತ್ತ ರಸ್ತೆ ದಾಟಿದ.