ಇರುವೆ ಖಾಲಿ ಮಾಡಿದ ಬಲೆ

ಆ ದಿನ ನಿಮ್ಮ ತೋಟದ ಬಲೆಯಿಂದ ತೆಗೆದವೆಂದು ನಾನು ಲ್ಯಾಬಿಗೆ ಕೊಟ್ಟ ಸೊಳ್ಳೆಗಳು ನಿಮ್ಮ ತೋಟದವಲ್ಲ, ಶೇಖರಣ್ಣ. ಪಕ್ಕದ ಆಡಿನ ಹಟ್ಟಿಯವು. ಬದಲಾಯಿಸಿದವನು ನಾನು — ಗೊತ್ತಿದ್ದೇ.

ದುಬೈಗೆ ಎಕ್ಸ್‌ಪೋ ಜಾಗತಿಕ ಮೇಳ ಸಿಕ್ಕಿತೆಂದು ಎಲ್ಲರೂ ಕುಣಿಯುತ್ತಿದ್ದ ಚಳಿಗಾಲ. ನೀವು ಅಲ್ ಐನ್‌ನ ಹೊರಗೆ ಖರ್ಜೂರದ ತೋಟ ನೋಡಿಕೊಳ್ಳುತ್ತಿದ್ದಿರಿ. ರಜೆ ಮುಗಿಸಿ ಮಂಗಳೂರಿನಿಂದ ಬಂದ ನಿಮ್ಮ ರೂಮಿನವನೊಬ್ಬನಿಗೆ ಮಲೇರಿಯಾ ಬಂತು. ಅವನು ಊರಿನಿಂದ ತಂದ ಜ್ವರ ಇಲ್ಲಿ ಇನ್ನೊಬ್ಬರಿಗೆ ದಾಟಬೇಕಾದರೆ ಅದನ್ನು ಹರಡುವ ಜಾತಿಯ ಸೊಳ್ಳೆ ಇಲ್ಲಿರಬೇಕು. ಇದೆಯೋ ಇಲ್ಲವೋ — ತಿಳಿಯಲೆಂದೇ ಸೊಳ್ಳೆ ನಿಯಂತ್ರಣದ ನಮ್ಮ ಕಂಪನಿ ನನ್ನನ್ನು ಕಳಿಸಿತ್ತು. ಸಂಜೆ ಬಲೆ ಕಟ್ಟಬೇಕು; ಸಣ್ಣ ದೀಪಕ್ಕೆ ಬಂದ ಸೊಳ್ಳೆಯನ್ನು ಫ್ಯಾನು ಒಳಕ್ಕೆ ಎಳೆಯುತ್ತದೆ; ಬೆಳಿಗ್ಗೆ ಬಿಚ್ಚಬೇಕು. ತೂಗುಹಾಕಿದ ಹಗ್ಗಕ್ಕೆ ಗ್ರೀಸು ಬಳಿಯದಿದ್ದರೆ ಇರುವೆಗಳು ಇಳಿದು ಸಿಕ್ಕಿದ್ದನ್ನೆಲ್ಲ ತಿಂದುಬಿಡುತ್ತವೆ. ಹೊಸಬರಿಗೆ ಇದನ್ನು ಬೈದು ಬೈದು ಕಲಿಸಿದವನು ನಾನೇ.

ಪಕ್ಕದ ಹಟ್ಟಿಯಲ್ಲೊಂದು ಬಲೆ ಕಟ್ಟಿ ಗ್ರೀಸು ಬಳಿದು, ನಿಮ್ಮ ತೋಟದಲ್ಲೂ ಒಂದು ಕಟ್ಟಿದೆ. ಅಷ್ಟರಲ್ಲಿ ನೀವು ಕರೆದಿರಿ.

"ಬಾ ಮಾರಾಯ, ಬೂತಾಯಿ ಮೀನಿನ ಪುಳಿಮುಂಚಿ ಉಂಟು. ಸೊಳ್ಳೆಯ ಉಸ್ತುವಾರಿ ಮಾತ್ರವಾ, ನೀನು ಉಣ್ಣುದಿಲ್ವಾ?"

"ಗ್ರೀಸು ಬಳಿದು ಬರ್ತೇನೆ ಶೇಖರಣ್ಣ."

"ಆ ಕೈಯಲ್ಲಿ ನನ್ನ ಬಟ್ಟಲು ಮುಟ್ಟಿದ್ರೆ ಜಾಗ್ರತೆ! ಉಂಡು ಮತ್ತೆ ಬಳಿ."

ಉಂಡೆ. ಊರಿನ ಸುದ್ದಿ ಮಾತಾಡಿದೆ. ಹಗ್ಗ ಹಾಗೇ ಉಳಿಯಿತು. ನೀವು ಕರೆದದ್ದರಿಂದ ಮರೆತೆ ಎನ್ನಲು ಇದನ್ನು ಬರೆಯುತ್ತಿಲ್ಲ — ಮರೆತವನು ನಾನು.

ಬೆಳಿಗ್ಗೆ ಬಲೆಯ ತಳದಲ್ಲಿ ಇರುವೆ, ಮುರಿದ ರೆಕ್ಕೆ. ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಆ ಸಂಜೆ ಮತ್ತೆ ಕಟ್ಟುತ್ತಿದ್ದೆ, ಅಷ್ಟೇ. ಆದರೆ ನಾನು ಕಲಿಸಿದವರ ಎದುರು ನಾನೇ... ಹಟ್ಟಿಯ ಬಲೆಯಲ್ಲಿ ತುಂಬ ಸಿಕ್ಕಿದ್ದವು. ಅರ್ಧ ತೆಗೆದು ನಿಮ್ಮ ತೋಟದ ಡಬ್ಬಿಗೆ ಹಾಕಿದೆ.

ಲ್ಯಾಬಿನ ಮೇಡಂ, ಮೈಸೂರಿನವರು, ನೋಡಿ ಹೇಳಿದರು: "ಎರಡರಲ್ಲೂ ಮಾಮೂಲಿ ಸೊಳ್ಳೆಗಳೇ ಕಣ್ರೀ. ಮಲೇರಿಯಾದ್ದು ಒಂದೂ ಇಲ್ಲ. ಆ ತೋಟಕ್ಕೆ ಮದ್ದು ಬೇಡ, ಬಿಟ್ಬಿಡಿ."

ಬಿಟ್ಟೆವು. ಕೆಲವು ವಾರಗಳಲ್ಲಿ ನೀವು ಚಳಿಜ್ವರ ಹಿಡಿದು ಮಲಗಿದಿರಿ — ವರ್ಷಗಳಿಂದ ಊರಿಗೇ ಹೋಗದ ನೀವು. ಆಗ ಹೋಗಿ ಹುಡುಕಿದರೆ ನಿಮ್ಮ ರೂಮಿನ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಮಲೇರಿಯಾ ಹರಡುವ ಅದೇ ಜಾತಿಯ ಸೊಳ್ಳೆಮರಿಗಳು. ನೀವು ಆಸ್ಪತ್ರೆಯಿಂದ ಬಂದ ದಿನ ತೋಟದ ಮೇಸ್ತ್ರಿ ಎಲ್ಲರೆದುರು ಕೂಗಾಡಿದ: ತೊಟ್ಟಿ ತೆರೆದಿಟ್ಟವನು ನೀನು, ಖಲಾಸ್, ಊರಿಗೆ ಹೋಗು. ತೊಟ್ಟಿಗೊಂದು ಮುಚ್ಚಳ ಕೊಡಿಯೆಂದು ಅವನನ್ನೇ ಕೇಳಿ ಕೇಳಿ ನಿಮಗೆ ಸಾಕಾಗಿದ್ದು ನನಗೆ ಗೊತ್ತಿತ್ತು. ಮದ್ದಿನ ಪಂಪು ಹೊತ್ತು ಪಕ್ಕದಲ್ಲೇ ನಿಂತಿದ್ದೆ.

"ನೀನಾದ್ರೂ ಹೇಳು ಮಾರಾಯ," ಎಂದಿರಿ.

ನಾನು ತೊಟ್ಟಿಗೆ ಮದ್ದು ಹೊಡೆಯತೊಡಗಿದೆ.

ಇಷ್ಟು ವರ್ಷದ ಮೇಲೆ, ಕಳೆದ ವಾರ, ಲ್ಯಾಬಿನ ಆ ಮೇಡಂಗೆ ಎಲ್ಲ ಹೇಳಿದೆ. ಅವರು, "ನೀವು ಓದಿದವರಲ್ಲ, ಅದರಿಂದ ಏನಾಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು, ಬಿಡಿ," ಎಂದರು. ಆ ದಯೆ ನನಗೆ ಬೇಡ. ಆರನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ನಿಜ. ಆದರೆ ಈ ಕೆಲಸ ನನಗೆ ಗೊತ್ತಿತ್ತು, ಅದರಲ್ಲೇ ತಲೆ ಎತ್ತಿ ಬದುಕಿದ್ದೇನೆ. ಒಳ್ಳೆಯದೆಲ್ಲ ನನ್ನ ದುಡಿಮೆ, ಕೆಟ್ಟದ್ದು ಮಾತ್ರ ನನ್ನ ಅಜ್ಞಾನ — ಹಾಗಾಗುವುದಿಲ್ಲ. ನಿಮ್ಮನ್ನು ಕಚ್ಚಿದ ಸೊಳ್ಳೆ ಎಲ್ಲಿಯದೆಂದು ಯಾರು ಕಂಡರು ಎನ್ನುವವರೂ ಇದ್ದಾರೆ. ಇರಲಿ. ಅದರ ಹಿಂದೆಯೂ ಅಡಗಲಾರೆ.

ಕಾರ್ಕಳದಲ್ಲಿ ನಿಮ್ಮ ಭಾವಂದಿರು ಇಂದಿಗೂ "ಒಂದು ತೊಟ್ಟಿ ಮುಚ್ಚಲಿಕ್ಕಾಗದೆ ಕೆಲಸ ಕಳಕೊಂಡವ" ಎಂದು ನಗುತ್ತಾರಂತೆ. ಮುಂದಿನ ತಿಂಗಳು ರಜೆಗೆ ಬರುತ್ತೇನೆ. ಅವರೆಲ್ಲ ಕೂತಿರುವಾಗಲೇ ನಿಮ್ಮ ಜಗಲಿಯ ಎದುರು ನಿಂತು ಹೇಳುತ್ತೇನೆ. ಹಳೆಯದು ಬಿಡು ಎಂದು ನೀವೇ ತಡೆದರೂ ಹೇಳುತ್ತೇನೆ. ಆಮೇಲೆ ಒಳಗೆ ಕರೆಯುವುದೋ, ಗೇಟು ತೋರಿಸುವುದೋ — ಅದು ನಿಮಗೆ ಬಿಟ್ಟದ್ದು.