ಹೊಟ್ಟೆರಾಜನ ಈರುಳ್ಳಿ

ಬೋಟಿ ಗಾಸ್ಪಾರನನ್ನು ಅರಿಯದವರು ನಮ್ಮ ಲಿಯೋನ್ ಪಟ್ಟಣದಲ್ಲಿ ಇರಲಿಲ್ಲ. ಸೋನ್ ಹೊಳೆಯ ದಂಡೆಯಲ್ಲಿ ಹಸುವಿನ ಕರುಳು ಬೇಯಿಸಿ ಮಾರುತ್ತಿದ್ದ. ಓಣಿಯ ತಿರುವಿನಲ್ಲಿ ಮೊದಲು ಅವನ ಹೊಟ್ಟೆ ಕಾಣಿಸುತ್ತಿತ್ತು, ಅವನು ಆಮೇಲೆ ಬರುತ್ತಿದ್ದ. ಆ ಹೊಟ್ಟೆಯ ದೆಸೆಯಿಂದಲೇ ಇಪ್ಪತ್ತೆರಡು ವರ್ಷ ನಮ್ಮ ಕೇರಿಯ ಹೊಟ್ಟೆರಾಜನಾಗಿದ್ದ.

ನಲವತ್ತು ದಿನದ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ ಊರಿಗೆ ಊರೇ ತಿಂದು ಕುಡಿದು ಕುಣಿಯುತ್ತದೆ. ಸಂಜೆ ಹೊಟ್ಟೆರಾಜನನ್ನು ಪೀಪಾಯಿಯ ಮೇಲೆ ಕೂರಿಸಿ, ಊರಿನ ಕೊಬ್ಬನ್ನೆಲ್ಲ ನುಂಗಿದವ ನೀನೇ ಎಂದು ಬಾಯಿಗೆ ಬಂದಂತೆ ಬೈಯುತ್ತಾರೆ. ಆಮೇಲೆ ಅವನು ಸತ್ತಂತೆ ನಟಿಸಬೇಕು, ಅದಕ್ಕೂ ಮುಂಚೆ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಬೇಕು. ಆ ಪಾದ್ರಿ ನಾನೇ, ಪೀಪಾಯಿ ಕಟ್ಟುವ ಕೊಲಾ, ಮೈಮೇಲೊಂದು ಗೋಣಿಚೀಲ. ಆಶೀರ್ವದಿಸುವ ನೆಪದಲ್ಲಿ ಅವನ ಅಂಗೈಗೆ ಅರ್ಧ ಈರುಳ್ಳಿ ತುರುಕುವುದು ನನ್ನ ಕೆಲಸ. ಅದನ್ನು ಕಣ್ಣಿಗೆ ಒರೆಸಿಕೊಂಡು ಅವನು ಗಳಗಳ ಅಳುತ್ತಿದ್ದ. ನಾನು ಕತ್ತೆಯ ಹಾಗೆ ಮೂರು ಸಲ ಕೂಗಿದರೆ ಪಾಪವೆಲ್ಲ ಮಾಫಿ. ಅವನು ಸಾಯುತ್ತಾನೆ, ಜನ ಎದೆ ಬಡಿದುಕೊಂಡು ಗೋಳಾಡುತ್ತಾರೆ. ಆಗ ಹೆಣ ಗುಡುಗಿನಂಥ ಹೂಸು ಬಿಟ್ಟು ಎದ್ದು ಕೂತು ಎಲ್ಲರಿಗೂ ಬೋಟಿ ಬಡಿಸುತ್ತದೆ.

ಈ ಸಲ ಹಂದಿತೊಡೆ ಹನ್ನೆರಡು, ಕೋಳಿ ಅರವತ್ತು ಎಂದು ಗಟ್ಟಿಯಾಗಿ ಪಾಪ ಎಣಿಸುತ್ತಿದ್ದವನು ನಡುವೆ ನಿಲ್ಲಿಸಿದ. ನನ್ನ ಕಿವಿಯನ್ನು ಹತ್ತಿರ ಎಳೆದುಕೊಂಡ.

"ಕೊಲಾ, ವಾಸನೆ ಹಿಡಿದ ಬೋಟಿಗೆ ಹುಳಿ, ಮೆಣಸು ಸುರಿದು ನಮ್ಮ ಓಣಿ ಕುರುಡಜ್ಜಿಗೆ ಮಾರ್ತಿದ್ದೆ ಕಣೋ. ನನ್ನನ್ನ ನಂಬ್ಕೊಂಡು ತಿಂತಿತ್ತು ಆ ಜೀವ. ದೇವರು ಕ್ಷಮಿಸ್ತಾನೇನೋ?"

ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೊಸ ತಮಾಷೆ ಕಟ್ಟಿದ್ದಾನೆ ಕಳ್ಳ ಎಂದುಕೊಂಡು ನಾನು ಗಂಟಲು ಹರಿಯುವಂತೆ ಕತ್ತೆಯ ಕೂಗು ಹಾಕಿದೆ. ಅವನು ಸ್ವಲ್ಪ ನಕ್ಕ, ಆಮೇಲೆ ಉರುಳಿದ.

ಜನ ಗೋಳಾಡಿದರು. ಎಲ್ಲರಿಗಿಂತ ಜೋರು ಅವನ ಹೆಂಡತಿ ಪೆರೆಟ್. ಹೂಸೂ ಬಂತು, ಜನ ಹೋ ಎಂದು ಟೋಪಿ ಹಾರಿಸಿದರು. ಗಾಸ್ಪಾರ ಏಳಲಿಲ್ಲ. ನಾನು ಹೊಟ್ಟೆಗೆ ಕಚಗುಳಿ ಇಟ್ಟೆ, ಮೂಗು ಹಿಂಡಿದೆ, ಬೋಟಿ ಆರಿಹೋಗುತ್ತದೆ ಏಳೋ ಎಂದು ಬೈದೆ. ಜನ ಇನ್ನೂ ನಕ್ಕರು. ಯಾವಾಗ ಸತ್ತನೋ, ಹೂಸಿಗೆ ಮುಂಚೆಯೋ ಆಮೇಲೆಯೋ, ನನಗೆ ತಲೆಬುಡ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಮರುದಿನ ಬೂದಿ ಬುಧವಾರ. ಹಣೆಗೆ ಬೂದಿ ಇಟ್ಟುಕೊಂಡು ಪೆರೆಟ್ ಮತ್ತು ನಾನು ನಿಜವಾದ ಪಾದ್ರಿ ಬೆನ್ವಾ ಅವರ ಮುಂದೆ ನಿಂತೆವು. ಅವಳ ಎರಡು ಮಕ್ಕಳು ಇಗರ್ಜಿಯ ಗೋಡೆಯೊಳಗಿನ ಪವಿತ್ರ ಮಣ್ಣಿನಲ್ಲಿ ಮಲಗಿವೆ. ಗಂಡನನ್ನೂ ಅವುಗಳ ಪಕ್ಕದಲ್ಲೇ ಮಲಗಿಸಬೇಕು, ಅವಳಿಗೆ ಅಷ್ಟೇ ಬೇಕಿತ್ತು. ದೇವರನ್ನು ಅಣಕಿಸುತ್ತ ಸತ್ತವನಿಗೆ ಗೋಡೆಯ ಹೊರಗೇ ಜಾಗ ಎಂದರು ಪಾದ್ರಿ.

ಪಾದ್ರಿಯಾದವನು ತನ್ನ ಕಿವಿಗೆ ಬಿದ್ದ ಪಾಪವನ್ನು ಹೊರಗೆಡಹಬಾರದು, ಆದರೆ ನಾನೇನು ದೀಕ್ಷೆ ಪಡೆದವನೇ? ಕುರುಡಜ್ಜಿಯ ಮಾತು ಹೇಳಿಬಿಟ್ಟೆ. ಅವನು ಅಳುತ್ತಿದ್ದ ಎಂದೂ ಹೇಳಿದೆ.

"ಅವನ ಈರುಳ್ಳಿ ಅಳು ಇಡೀ ಊರಿಗೇ ಗೊತ್ತಲ್ಲಪ್ಪ," ಎಂದರು ಪಾದ್ರಿ.

ಅವನಿಗಾಗಿ ಪ್ರಾರ್ಥನೆಯನ್ನಾದರೂ ಮಾಡಿ ಎಂದರು. ಜಪಸರಕ್ಕಾಗಿ ಸೊಂಟದ ಚೀಲಕ್ಕೆ ಕೈಹಾಕಿದೆ. ಕೈಗೆ ಏನೋ ಒದ್ದೆಯಾಗಿ ಸಿಕ್ಕಿತು. ಅರ್ಧ ಈರುಳ್ಳಿ. ಕುಡಿದ ಅಮಲಿನಲ್ಲಿ ಅವನಿಗೆ ಕೊಡಲು ಮರೆತೇಬಿಟ್ಟಿದ್ದೆ. ಪಾದ್ರಿಗೂ ಅದನ್ನೇ ಹೇಳಿದೆ.

ಪಾದ್ರಿ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಗುಂಡಿ ತೋಡುವವನನ್ನು ಕರೆದು, ಮಕ್ಕಳ ಪಕ್ಕದಲ್ಲಿ ತೋಡು, ಅಗಲವಾಗಿ ತೋಡು ಎಂದರು.

ಹೊರಗೆ ಬಂದಾಗ ಪೆರೆಟ್ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಕೊಲಣ್ಣ, ಕ್ಷಮಿಸ್ತಾನಾ ಅಂತ ಕೇಳಿದ್ನಲ್ಲ, ನೀನೇನಂದೆ?"

ಸುಳ್ಳು ಹೇಳೋಣ ಅನ್ನಿಸಿತು.

"ಕತ್ತೆ ಥರ ಕೂಗ್ದೆ ತಾಯಿ. ಮೂರು ಸಲ."

"ಅವನಿಗೆ ಕೇಳಿಸ್ತಾ?"

"ಕೇಳಿಸ್ತು. ನಕ್ಕ."

ಹಿಂದಿನ ದಿನ ಊರಿಗೆ ಕೇಳುವಂತೆ ಗೋಳಾಡಿದ್ದವಳು ಈಗ ಇಗರ್ಜಿಯ ಮೆಟ್ಟಿಲ ಮೇಲೆ ಕುಸಿದು, ಸದ್ದಿಲ್ಲದೆ ಅತ್ತಳು.